ಬೇರೆಯಾದವರ ಸೊನ್ನೆ

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರಿನವನು. ಸುತ್ತಲಿನ ರೈತರು ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ನಮಗೆ ಹೈಬ್ರಿಡ್ ಬೀಜ ತೆಗೆದುಕೊಡುತ್ತಾರೆ. ಅದರಲ್ಲಿ ಒಂದಿಷ್ಟನ್ನು ನಾವು ಬಿತ್ತಿ ನೋಡುತ್ತೇವೆ. ಗಿಡದಲ್ಲಿ ಬೆರಕೆ ಕಂಡರೆ ಇಡೀ ಚೀಲವನ್ನು ಗೋದಾಮಿನ ಹಿಂದೆ ಸುಡುತ್ತಾರೆ, ಆ ಮನೆಗೆ ಮುಂದೆಂದೂ ನಮ್ಮ ಕೆಲಸವಿಲ್ಲ.

ಪ್ರತಿ ಮನೆಗೂ ಒಂದು ನಂಬರು. ಮನೆ ಒಡೆದು ಅಣ್ಣತಮ್ಮಂದಿರು ಬೇರೆಯಾದರೆ ನಮ್ಮ ಹೊಲ ತಿರುಗುವ ಸೂಪರ್‌ವೈಸರ್ ಹೊಸ ನಂಬರು ಕೊಡುತ್ತಿರಲಿಲ್ಲ, ಹಳೆಯದರ ಮುಂದೊಂದು ಸೊನ್ನೆ ಹಾಕುತ್ತಿದ್ದ. ಅಣ್ಣ 47, ತಮ್ಮ 047. ‘ಮನಿ ಒಡದ್ರೂ ಬೇರು ಒಂದ ಅಲ್ಲೇನ್ರಿ’ ಎನ್ನುತ್ತಿದ್ದ. ಕಾಗದದ ಮೇಲೆ ಇದು ಒಮ್ಮೆಯೂ ತಪ್ಪಿರಲಿಲ್ಲ. ತಪ್ಪು ಮಾಡಲು ನಾನು ಬರಬೇಕಾಯಿತು.

ಲ್ಯಾಬಿನ ಫಲಿತಾಂಶವನ್ನು ತಾನೇ ಎಕ್ಸೆಲ್ ಹಾಳೆಗೆ ತುಂಬುವ ಪ್ರೋಗ್ರಾಂ ಬರೆದೆ. ಅಂಕಿ ಕಂಡದ್ದನ್ನೆಲ್ಲ ಸಂಖ್ಯೆ ಎಂದೇ ಬರೆಯುವಂತೆ ಮಾಡಿದೆ. ಹಾಗಾದರೆ ಕಾಲಂ ಬಲಕ್ಕೆ ನೀಟಾಗಿ ನಿಲ್ಲುತ್ತದೆ, ಸಾಹೇಬರಿಗೆ ಚಂದ ಕಾಣುತ್ತದೆ. ಆದರೆ ಸಂಖ್ಯೆಯ ಮುಂದಿನ ಸೊನ್ನೆಯನ್ನು ಹಾಳೆ ಇಟ್ಟುಕೊಳ್ಳುವುದಿಲ್ಲ. 047 ಕೂಡ 47 ಆಯಿತು. ಒಂದೇ ನಂಬರು ಎರಡು ಸಲ ಬಂದರೆ ಕೊನೆಯದನ್ನು ಉಳಿಸಿಕೋ ಎಂದು ಬರೆದವನೂ ನಾನೇ.

ಬ್ಯಾಡಗಿ ಕಡೆಯ 047 ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ಭಾವನಿಂದ ಬೇರೆಯಾಗಿ, ಪಾಲಿಗೆ ಬಂದ ಹದಿನೈದು ಗುಂಟೆಯಲ್ಲಿ ನಮ್ಮ ಬೀಜವೊಂದನ್ನೇ ನಂಬಿದ್ದಳು. ಅವಳ ಬೀಜ ಪಾಸಾಗಿತ್ತು, 47ರ ಭಾವನದು ಫೇಲು. ಭಾವನ ಫಲಿತಾಂಶ ಕೊನೆಗೆ ಬಂತು, ಹಾಳೆಯಲ್ಲಿ ಅದೊಂದೇ ಉಳಿಯಿತು. ಅವಳ ಚೀಲವನ್ನೂ ಸುಟ್ಟರು.

ಆಫೀಸಿಗೆ ಬಂದಳು. ‘ಒಂದ ಹೂವ ಬಿಡದಂಗ ಮುಟ್ಟಿಸೇನ್ರಿ ಸರ. ಇನ್ನೊಮ್ಮೆ ನೋಡ್ರಿ.’

‘ಕಂಪ್ಯೂಟರ್ ಸುಳ್ಳ ಹೇಳತೈತೇನ? ಬೆರಕಿ ಮಾಡಾವ್ರು ನೀವು, ಅಳಾಕ ನಮ್ಮ ಆಫೀಸ ಬೇಕು’ ಎಂದೆ, ಎಲ್ಲರೆದುರು. ಒಂದಿಬ್ಬರು ನಕ್ಕರು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಎಂಟು ದಿನದ ಮೇಲೆ ಬೇರೇನನ್ನೋ ಹುಡುಕುವಾಗ ಲ್ಯಾಬಿನ ಮೂಲ ಕಾಗದ ಕೈಗೆ ಬಂತು. 047, ಪಾಸು. ಸಾಹೇಬರಿಗೆ ತೋರಿಸಿದೆ. ‘ಬೂದಿಗೆ ಪಾಸ್ ಕೊಡತೀಯೇನ? ಬಾಯಿ ಮುಚ್ಚಿ ಮುಂದಿಂದು ಸರಿ ಮಾಡು’ ಎಂದರು. ಸರಿ ಮಾಡಿದೆ: ನಂಬರನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರದಂತೆ ಇದ್ದದ್ದಿದ್ದಂತೆ ಬರೆ. ಒಂದೇ ಸಾಲು, ಎರಡು ನಿಮಿಷದ ಕೆಲಸ. ನನ್ನ ನೌಕರಿ ಉಳಿಯಿತು. ಅವಳಿಗೆ ಯಾರೂ ತಿಳಿಸಲಿಲ್ಲ. ನನ್ನದು ಹೇಡಿತನ, ಅದಕ್ಕೆ ಬೇರೆ ಹೆಸರು ಹುಡುಕಲಾರೆ.

ಕಳೆದ ಬೇಸಿಗೆಯಲ್ಲಿ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಈಗ ಆ ಭಾವನ ಹೊಲಕ್ಕೇ ಕೂಲಿಗೆ ಹೋಗುತ್ತಾಳಂತೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

‘ಸರ, ನನ್ನ ತಪ್ಪ ಎಲ್ಲಿ ಆತು ಅಂತ ಅಷ್ಟ ಹೇಳ್ರಿ. ತಿಳೀಲಿಲ್ಲಂದ್ರ ಜೀವಕ್ಕ ಸಮಾಧಾನ ಇಲ್ಲ.’

ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ‘ಯಾವದೋ ಒಂದಿನ ಅವಸರ ಮಾಡಿರಬೇಕ ನೀವು’ ಎಂದೆ.

ಅವಳು ಬೆರಳು ಮಡಿಚಿ ದಿನ ಎಣಿಸಿದಳು. ‘ಖರೇ ಐತ್ರಿ. ಮಗಳಿಗೆ ಜ್ವರ ಬಂದಿತ್ತು. ಆವತ್ತೊಂದಿನ ಲಗೂ ಲಗೂ ಮುಗಿಸಿ ಮನಿಗೆ ಓಡೇನಿ. ಆವತ್ತ ಇರಬೇಕ್ರಿ.’

‘ಆವತ್ತ ಇರಬೇಕು’ ಎಂದು ನಾನೂ ತಲೆಯಾಡಿಸಿ ಬಸ್ಸು ಹತ್ತಿದೆ.