ಹಗೇವಿನ ವಾಸನೆ

ನಾನು ಶಾಲೆಗೆ ಹೋಗುತ್ತಿದ್ದುದು ಅಕ್ಷರಕ್ಕಲ್ಲ, ಮಧ್ಯಾಹ್ನದ ಹಳದಿ ಉಪ್ಪಿಟ್ಟಿಗೆ. ಅರವತ್ತರ ದಶಕ. ಅಮೆರಿಕದ ಗೋವಿನಜೋಳದ ರವೆ ಸಿಂದಗಿಯಿಂದ ಚಕ್ಕಡಿಯಲ್ಲಿ ನಮ್ಮೂರಿಗೆ ಬರುತ್ತಿತ್ತು. ಬೇಯಿಸಿ ನೀಡುವವಳು ನಮ್ಮವ್ವ. ಉಳ್ಳವರ ಮಕ್ಕಳು ಗಂಟೆ ಹೊಡೆದ ಕೂಡಲೇ ಮನೆಗೆ ಉಣ್ಣಲು ಓಡುತ್ತಿದ್ದರು. ತಾಟು ಹಿಡಿದು ಉಳಿಯುತ್ತಿದ್ದವರು ನಮ್ಮ ಓಣಿಯವರು ಮಾತ್ರ. ತಂಗಿಗೆ ಇನ್ನೂ ಶಾಲೆಯ ವಯಸ್ಸಾಗಿರಲಿಲ್ಲ. ಅವ್ವನ ಸೆರಗು ಹಿಡಿದು ಬಂದು ಪಾತ್ರೆಯ ತಳಕ್ಕೆ ಹತ್ತಿದ್ದನ್ನು ಕೆರೆಸಿಕೊಂಡು ತಿನ್ನುತ್ತಿದ್ದಳು.

ಆ ವರ್ಷ ಮಳೆಗೆ ಶಾಲೆಯ ಮಾಳಿಗೆ ಸೋರಿತು. ಮಾಸ್ತರರು ರವೆಯ ಚೀಲಗಳನ್ನು ಗೌಡರ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜದಲ್ಲಿ, ಇಡಿಸಿದರು. ದಸರಾ ರಜೆ ಮುಗಿದ ಮೇಲೆ ಅದರ ಬಾಯಿ ತೆಗೆದರು.

ಹಗೇವು ತೆಗೆದಾಗ ಮೊದಲು ಕಂದೀಲು ಇಳಿಬಿಟ್ಟು ನೋಡುವುದು ನಮ್ಮ ಕಡೆಯ ರೂಢಿ. ಒಳಗಿನ ಕೆಟ್ಟ ಗಾಳಿಗೆ ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಅಂದು ದೀಪ ಆರಿತು. ಹೊತ್ತೇರಿದ ಮೇಲೆ ಬಿಟ್ಟಾಗಲೂ ಆರಿತು. ಮರುದಿನ ದೀಪ ನಿಂತಿತು, ಆಳು ಇಳಿದು ಚೀಲ ಕೊಟ್ಟು ಸುಖವಾಗಿ ಹತ್ತಿಬಂದ. ಅವನು ಬದುಕಿ ಬಂದದ್ದಷ್ಟೇ ಸಾಕಾಯಿತು. ದೀಪ ನುಂಗುವಂಥದ್ದು ಕೆಳಗೆ ಏನು ಕೊಳೆಯುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ.

ಅವ್ವ ಚೀಲ ಬಿಚ್ಚಿ ಮೂಸಿದಳು. "ಮಾಸ್ತರ್ರ, ಮುಗ್ಗಿದ ವಾಸನಿ ಬರಾಕತ್ತೈತ್ರಿ."

"ಅದು ಹಗೇವಿನ ವಾಸನಿ ಯವ್ವಾ. ನಿಮ್ಮ ಮನ್ಯಾಗಿನ ಜ್ವಾಳಕ್ಕ ಬರಂಗಿಲ್ಲೇನು?"

"ಬರ್ತೈತ್ರಿ," ಎಂದಳು ಅವ್ವ.

ನಿಜ, ಬರುತ್ತಿತ್ತು. ಹಗೇವಿನ ನಡುವಿನ ಒಳ್ಳೆಯ ಜೋಳ ಗೌಡರಿಗೆ, ಗೋಡೆಗೆ ತಾಗಿ ತೇವ ಹಿಡಿದು ಕಪ್ಪಾದದ್ದು ನಮಗೆ ಕೂಲಿಗೆ. ಆ ರೊಟ್ಟಿ ತಿಂದೇ ಬೆಳೆದವರು ನಾವು. ಆ ವಾಸನೆಯೇ ಊಟದ ವಾಸನೆ ಎಂದು ಮೂಗು ಒಗ್ಗಿಹೋಗಿತ್ತು. ಈಗಲೂ ನೆನೆದರೆ ಮೈ ಉರಿಯುತ್ತದೆ. ಗೌಡರ ಮನೆಯ ಕೂಸು ಒಂದು ತುತ್ತು ತಿಂದಿದ್ದರೆ ಅಲ್ಲೇ ಉಗುಳುತ್ತಿತ್ತು.

ಅವ್ವ ಒಗ್ಗರಣೆಗೆ ಮೆಣಸಿನಕಾಯಿ ಹೆಚ್ಚು ಹಾಕಿದಳು.

"ಯವ್ವಾ, ತಳಾ ನನಗ ಇಡು," ಎಂದಳು ತಂಗಿ. ಅವ್ವ ತಳ ಕೆರೆದು ಕೊಟ್ಟು, ತನ್ನ ಪಾಲನ್ನೂ ಅವಳಿಗೇ ನೀಡಿದಳು.

ಸಂಜೆಗೆ ಓಣಿಯ ಮಕ್ಕಳಿಗೆಲ್ಲ ವಾಂತಿ ಹತ್ತಿತು. ದೊಡ್ಡವರಾದ ನಾವು ಹೇಗೋ ಚೇತರಿಸಿಕೊಂಡೆವು. ತಂಗಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಸಿಂದಗಿಯ ದವಾಖಾನೆಗೆ ಹೊರಟರು. ಅರ್ಧ ದಾರಿಯಲ್ಲೇ ಅವಳ ಜೀವ ಹೋಯಿತು.

ಮುಂದೆ ಹೊಸ ಚೀಲಗಳು ಬಂದವು. ಮನೆಯಲ್ಲಿ ಇನ್ನೂ ಹೊಟ್ಟೆಗಳಿದ್ದವಲ್ಲ, ಅವ್ವ ಮತ್ತೆ ಶಾಲೆಯ ಒಲೆ ಹೊತ್ತಿಸಿದಳು. ಆದರೆ ಅಂದಿನಿಂದ ಮೊದಲ ತಾಟು ತಾನೇ ಉಣ್ಣುತ್ತಿದ್ದಳು.

"ತಡೀರಿ, ನನಗೇನೂ ಆಗಲಿಲ್ಲಂದ್ರ ನಿಮಗ ನೀಡ್ತೇನಿ," ಎನ್ನುತ್ತಿದ್ದಳು.

ಬಿಸಿ ಉಪ್ಪಿಟ್ಟು ಆರುತ್ತಿತ್ತು. ಹಸಿದ ನಾವು ಖಾಲಿ ತಾಟು ಹಿಡಿದು, ಹಗೇವಿಗೆ ಇಳಿಬಿಟ್ಟ ದೀಪವನ್ನು ನೋಡುವಂತೆ ಅವ್ವನ ಮುಖ ನೋಡುತ್ತ ಕೂತಿರುತ್ತಿದ್ದೆವು.