ಬಟ್ಟೆ ಕಟ್ಟಿದ ಹೀರೇಕಾಯಿ

ಪಾಮನಕಲ್ಲೂರಿನ ಅಯ್ಯಮ್ಮನ ಹಿತ್ತಲೆಂದರೆ ನಾಲ್ಕು ಎತ್ತು ಕಟ್ಟುವಷ್ಟು ಜಾಗ. ನೀರು ಬಚ್ಚಲದ್ದೇ. ಮನೆಮಂದಿ ಮಿಂದರೆ ಗಿಡ ಕುಡಿಯುತ್ತಿದ್ದವು, ಮೀಯದವರು ಬೈಸಿಕೊಳ್ಳುತ್ತಿದ್ದರು. ಮುಂಗಾರಿನ ಮಿರಗದ ಮಳೆಗೆ ಹೀರೆ, ದೀಪಾವಳಿಗೆ ಬದನೆ, ಚಳಿಗೆ ಚಪ್ಪರದ ಅವರೆ, ಬೇಸಿಗೆಗೆ ರಾಜಗಿರಿ, ಪುಂಡಿ ಸೊಪ್ಪು. ಸಂಜೆ ಹೀರೆ ಹೂವು ಅರಳುವ ಹೊತ್ತಿಗೆ ಒಗೆಯುವ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರೆ ಅವಳಿಗೆ ನಿಜಾಮನೂ ಲೆಕ್ಕಕ್ಕಿರಲಿಲ್ಲ.

ತಳವಾರ ಗದ್ದೆಪ್ಪ ಮಾತ್ರ ಲೆಕ್ಕಕ್ಕಿದ್ದ. ರಜಾಕಾರರ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಜಮೀನು ಅಳೆಯುತ್ತೇವೆಂದು ಬಂದ ಸಾಹೇಬರ ಡೇರೆ ಮಸ್ಕಿ ದಾರಿಯಲ್ಲಿ ವರ್ಷದಿಂದ ಬಿದ್ದುಕೊಂಡಿತ್ತು. ಡೇರೆಗೆ ಕಾಯಿಪಲ್ಲೆ ಬಿಟ್ಟಿ ಕೊಡಬೇಕು. ಇಲ್ಲವೆಂದವರ ಮನೆ ಗಂಡಸರು ಚಾವಡಿ ಮುಂದೆ ಬಿಸಿಲಲ್ಲಿ ನಿಲ್ಲಬೇಕು. ಗದ್ದೆಪ್ಪ ಬುಟ್ಟಿ ಹಿಡಿದು ಅಯ್ಯಮ್ಮನ ಮನೆಗೆ ಒಂದು ದಿನ ಮುಂಚೆ ಬರುತ್ತಿರಲಿಲ್ಲ, ಒಂದು ದಿನ ತಡವೂ ಇಲ್ಲ. ಸರಿಯಾಗಿ ಕಾಯಿ ಹತ್ತಿದಾಗಲೇ ಬರುತ್ತಿದ್ದ. ಆ ವರ್ಷ ಬೀಜಕ್ಕೆಂದು ಬಟ್ಟೆ ಕಟ್ಟಿ ಬಿಟ್ಟಿದ್ದ ಹೀರೇಕಾಯಿಯನ್ನೂ, ಬಟ್ಟೆ ಬಿಚ್ಚಿ ಬಿಸಾಕಿ, ಒಯ್ದಿದ್ದ. ಅದು ಅವಳ ತಾಯಿ ತವರಿನಿಂದ ತಂದ ತಳಿ. ಬೀಜ ಇಡುವ ಗಡಿಗೆಯ ಬೂದಿ ಕೆದಕಿದರೆ ಸಿಕ್ಕದ್ದು ಏಳೇ ಬೀಜ. ಬರುವ ವರ್ಷವೂ ಬೀಜದ ಕಾಯಿ ಹೋದರೆ ತಳಿಯೇ ಹೋದಂತೆ.

ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ. ಯಾರು? ಅಯ್ಯಮ್ಮನ ಕಣ್ಣು ಗೋಡೆಯಾಚೆ ಹೋಯಿತು. ಅಲ್ಲಿ ದಾವಲ್‌ಬೀ, ಅವಳ ಕೋಳಿಗಳು, ಒಂದೂ ಗಿಡವಿಲ್ಲದ ಹಿತ್ತಲು. ಅವಳ ಮೈದುನ ಗೌಸ್‌ಸಾಬ್ ಡೇರೆಯಲ್ಲಿ ಅಡುಗೆಯವನು. ಇನ್ನೇನು ಬೇಕು?

"ಏನ್ ಬೇ, ಇವತ್ತ ನಿನ್ನ ಮೈದುನ ಏನ್ ಕುದಸ್ಯಾನ?"

"ನನಗೇನ್ ಗೊತ್ತು? ಆ ಡೇರೆದಿಂದ ಒಂದು ಕೊತ್ತಂಬರಿ ಕಡ್ಡಿ ಸೈತ ನಮ್ಮನಿಗಿ ಬಂದಿಲ್ಲ."

ಅಯ್ಯಮ್ಮ ನಂಬಲಿಲ್ಲ. ಗೋಡೆ ದಾಟಿದ್ದ ಬಳ್ಳಿಯನ್ನು ಕುಡುಗೋಲಿನಿಂದ ಕತ್ತರಿಸಿದಳು. ಬದನೆ ಇನ್ನೂ ಹೂ ಬಿಡದಿದ್ದಾಗ ಬೇಕಂತಲೇ ಕೂಗಿ ಹೇಳಿದಳು: "ನಾಳೆ ಬದನಿ ಹರಿತೀನಿ ಬೇ, ಗಿಡ ತುಂಬ್ಯಾವ!" ಮರುದಿನ ಗದ್ದೆಪ್ಪ ಬರಲಿಲ್ಲ. "ಎಂಥಾ ಕಳ್ಳಿ, ನನ್ನ ಸುಳ್ಳು ಸೈತ ತಿಳಕೊಂಡಾಳ" ಅಂದುಕೊಂಡಳು. ಬದನೆ ನಿಜವಾಗಿ ಹತ್ತಿದಾಗ ಬಂದ. ಅವರೆಗೂ ಬಂದ. ಬೇಸಿಗೆಯ ಸೊಪ್ಪಿಗೆ ಬರಲಿಲ್ಲ. ಸಾಹೇಬರು ಸೊಪ್ಪು ತಿನ್ನುವ ಪೈಕಿ ಅಲ್ಲವೆಂದು ಬಿಟ್ಟಳು.

ಮಿರಗದ ಮಳೆಗೆ ಏಳು ಬೀಜದಲ್ಲಿ ಐದು ಮೊಳೆತವು. ಶ್ರಾವಣದ ಶನಿವಾರ ಮೊದಲ ಹೀರೇಕಾಯಿ ಹರಿದು, ಎಂದಿನಂತೆ ಸೆರಗಿನಲ್ಲಿಟ್ಟುಕೊಂಡು ಹಣಮಪ್ಪನ ಗುಡಿಗೆ ಹೋದಳು. ಯಾವ ಕಾಯಿ ಹತ್ತಿದರೂ ಮೊದಲನೆಯದು ಹಣಮಪ್ಪನಿಗೆ. ಅತ್ತೆ ಹಾಕಿಕೊಟ್ಟ ರೂಢಿ. ಗುಡಿಯ ಎದುರಿಗೇ ಚಾವಡಿ. ಕಟ್ಟೆಯ ಮೇಲೆ ಗದ್ದೆಪ್ಪ ಬೀಡಿ ಸೇದುತ್ತ ಕೂತಿದ್ದ.

"ಹೀರಿ ಹತ್ತಿದವೇನ್ ಬೇ ಅಯ್ಯಮ್ಮ?"

ಅಯ್ಯಮ್ಮನ ಕೈ ಹೊಸ್ತಿಲ ಮೇಲೇ ನಿಂತಿತು. ಹೀರೆ, ಬದನೆ, ಅವರೆ ಎಲ್ಲವನ್ನೂ ಇಲ್ಲಿಗೇ ತಂದಿದ್ದಳು, ಈ ಹೊಸ್ತಿಲಿಗೇ, ಚಾವಡಿಯ ಕಣ್ಣೆದುರಿಗೇ. ಸೊಪ್ಪನ್ನು ಮಾತ್ರ ಎಂದೂ ತಂದಿರಲಿಲ್ಲ.

"ಎಲ್ಲೀ ಹೀರಿ? ಬಳ್ಳಿಗಿ ಹುಳ ಬಿದ್ದಾವ. ಇದು ಮಸ್ಕಿ ಸಂತ್ಯಾಗ ತಂದೀನಿ" ಎಂದಳು, ದೇವರ ಮುಂದೆಯೇ.

"ದೇವರಿಗಿ ಕೊಂಡು ತರೂವಷ್ಟು ಆದಿ?"

"ಆಗೀನಿ ನೋಡು. ನೀ ಕೊಂಡು ತಿಂದೀಯೇನು ಒಂದಿನಾನರ?"

ಗದ್ದೆಪ್ಪ ಬೀಡಿಯ ಹೊಗೆ ಬಿಟ್ಟು ಆ ಕಡೆ ತಿರುಗಿದ. ಅಯ್ಯಮ್ಮ ಕಾಯಿಯನ್ನು ಸೆರಗಿಗೆ ಕಟ್ಟಿಕೊಂಡು, ಒಳಗಿನ ಹಣಮಪ್ಪನನ್ನು ನೋಡಿ ಗೊಣಗಿದಳು: "ಈ ಸಲ ಕಡೀ ಕಾಯಿ ನಿನಗ. ಮೊದಲಿಂದು ತಿಂದು ನೀ ಕಿಸಿದದ್ದು ಕಂಡೀನಿ."

ಮನೆಗೆ ಬಂದವಳು ದಾವಲ್‌ಬೀಯ ಹತ್ತಿರ ಕ್ಷಮೆ ಗಿಮೆ ಕೇಳಲಿಲ್ಲ. ಎಳೆಕಾಯಿ ಹಿಡಿದ ಒಂದು ಬಳ್ಳಿಯನ್ನು ಎಳೆದು ಗೋಡೆಯಾಚೆ ಇಳಿಬಿಟ್ಟಳು. ಕೋಳಿ ಕೆದರುವ ಹಿತ್ತಲಲ್ಲಿ ಹೀರೆ ಹುಡುಕಲು ಗದ್ದೆಪ್ಪ ಹೋಗುವುದಿಲ್ಲ.

ದಾವಲ್‌ಬೀ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಹ್ವಾದ ವರ್ಷ ಕುಡುಗೋಲು ಹಾಕಿದ್ದಿ. ಈಗ ನೀನ ಬಳ್ಳಿ ಕಳಸಾಕತ್ತೀಯಲ್ಲ, ಏನಾಗೇತಿ ನಿನಗ?"

"ಬೀಜದ್ದೈತಿ. ಬಟ್ಟಿ ಕಟ್ಟು. ಒಣಗೂತನಕ ಮುಟ್ಟಬ್ಯಾಡ. ಅರ್ಧಾ ಬೀಜ ನಿನಗ."

ದಾವಲ್‌ಬೀ ತನ್ನ ಹಳೇ ಓಢಣಿಯ ಹಸಿರು ಚೂರು ಹರಿದು ಕಟ್ಟಿದಳು. ಗದ್ದೆಪ್ಪ ಆ ಶ್ರಾವಣ ಬುಟ್ಟಿ ತರಲಿಲ್ಲ. ಆದರೂ ಅಯ್ಯಮ್ಮ ದಿನಾ ಬೆಳಗ್ಗೆ ಒಗೆಯುವ ಕಲ್ಲು ಹತ್ತಿ ಗೋಡೆಯಾಚೆ ಇಣುಕುವುದನ್ನು ಬಿಡಲಿಲ್ಲ.

"ಎಣಿಸ್ಕೋ ಬೇ, ಎಣಿಸ್ಕೋ" ಎನ್ನುತ್ತಿದ್ದಳು ದಾವಲ್‌ಬೀ, ಕೋಳಿಗೆ ಕಾಳು ಚೆಲ್ಲುತ್ತ. "ನಿನ್ನೆ ಒಂದಿತ್ತು, ಇವತ್ತೂ ಒಂದೈತಿ."