ಗ್ರಾನೈಟಿನ ಸಂದಿ ತೋರಿಸಿದ ಬಾವಿ ಕಾಕಾ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಯಳವತ್ತಿಯ ಬಾವಿಯೊಂದರ ತಳದಲ್ಲಿ ಹಾರೆ ಜಾರಿ ಬಿದ್ದದ್ದಂತೆ. ಬೆರಳು ಉಳಿಯಿತು, ಉಗುರು ಮಾತ್ರ ಮತ್ತೆ ಕೂಡಲಿಲ್ಲ. ಶುಕ್ರವಾರ ನಮಾಜಿಗೆ ಹೊರಡುವ ಮುನ್ನ ಎಷ್ಟು ತಿಕ್ಕಿ ತೊಳೆದರೂ ಆ ಸೀಳಿನೊಳಗೆ ಕೂದಲೆಳೆಯಷ್ಟು ಕಪ್ಪು ಉಳಿದೇ ಇರುತ್ತಿತ್ತು.

ಮುಂಡರಗಿಯ ನಮ್ಮ ಓಣಿಯವರಿಗೆಲ್ಲ ಅವರು ಬಾವಿ ಕಾಕಾ. ಲಕ್ಷ್ಮೇಶ್ವರ, ಶಿರಹಟ್ಟಿ, ಅತ್ತ ಗದಗಿನ ಕಳಸಾಪುರದ ತನಕ ಬಾವಿ ತೋಡಿದವರು. ಬೋರ್‌ವೆಲ್ ಲಾರಿಗಳು ಬಂದ ಮೇಲೆ ತೋಡುವ ಕೆಲಸ ನಿಂತಿತು, ಹೂಳೆತ್ತುವುದಷ್ಟೇ ಉಳಿಯಿತು. ನಮ್ಮ ಓಣಿಯ ಮೆಟ್ಟಿಲು ಬಾವಿಗೆ ವರ್ಷಕ್ಕೊಮ್ಮೆ ಇಳಿದು, ಮೇಲೆ ಬಂದು, ನಮ್ಮ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಯಾರಾದರೂ ಏನನ್ನಾದರೂ ಖಡಾಖಂಡಿತವಾಗಿ ಹೇಳಿದರೆ ಸಾಕು, ಬಸಿ ಕೆಳಗಿಟ್ಟು ಕೇಳುತ್ತಿದ್ದರು:

“ನೋಡಿ ಹೇಳ್ತಿಯೋ, ಕೇಳಿ ಹೇಳ್ತಿಯೋ?”

ಹಾಲಿನವನು ನೀರು ಬೆರೆಸುತ್ತಾನೆ ಎಂದ ನನ್ನ ಅವ್ವನಿಗೂ ಅದೇ ಪ್ರಶ್ನೆ, ಸರಕಾರ ಬೀಳುತ್ತದೆ ಎಂದ ನಿವೃತ್ತ ಮಾಸ್ತರರಿಗೂ ಅದೇ. ನನಗೆ ಆ ಪ್ರಶ್ನೆ ಕಂಡರಾಗುತ್ತಿರಲಿಲ್ಲ. ಏಕೆಂದರೆ ನಾನು ಕಾಲೇಜಿನ ಚರ್ಚಾಪಟು. ನಮಗೆ ಕಲಿಸುವುದು ನೋಡುವುದನ್ನಲ್ಲ, ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದನ್ನು.

ಗದಗಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ನಡೆದ ವರ್ಷ ವಿಷಯ ಹೀಗಿತ್ತು: ಗ್ರಾನೈಟ್ ಶಿಲೆಯಲ್ಲಿ ಪೆಟ್ರೋಲಿಯಂ ಹುಡುಕುವುದು ವ್ಯರ್ಥ. ನಾನು ಪರವಾಗಿ ಮಾತಾಡಿದೆ. “ಗ್ರಾನೈಟ್ ಎಂದರೆ ಹೆಪ್ಪುಗಟ್ಟಿದ ಬೆಂಕಿ. ಮರಳುಗಲ್ಲಿನ ಹಾಗೆ ಅದರ ಕಣಗಳ ನಡುವೆ ಎಡೆಯಿಲ್ಲ. ಸೂಜಿಮೊನೆ ಊರಲು ಜಾಗವಿಲ್ಲದಲ್ಲಿ ಎಣ್ಣೆ ಎಲ್ಲಿ ಕೂರಬೇಕು, ಸಭಿಕರೇ?” ಚಪ್ಪಾಳೆ ಬಿತ್ತು. ಮೊಳಕೈಯುದ್ದದ ಸ್ಟೀಲಿನ ಕಪ್ ಬಂತು.

ಕಾಕಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಚಲೋ ಐತಿ. ಯಾವ ಕಲ್ಲು ನೋಡಿದಿ?”

“ಪುಸ್ತಕದಾಗ ಐತಿ ಕಾಕಾ.”

“ಪುಸ್ತಕದಾಗ ಕಲ್ಲು ಇರೂದಿಲ್ಲ ಬೇಟಿ, ಕಲ್ಲಿನ ಚಿತ್ರ ಇರ್ತೈತಿ,” ಎಂದು ಮತ್ತೆ ಬಸಿ ಎತ್ತಿಕೊಂಡರು. ನಾನು ಕಪ್ಪನ್ನು ಒಳಗೆ ಒಯ್ದು ಟೀವಿಯ ಮೇಲಿನ ಹಲಗೆಯಲ್ಲಿಟ್ಟೆ.

ಮುಂದಿನ ಮಳೆಗಾಲ ಕಳೆಯುತ್ತಿದ್ದಂತೆ ಬಾವಿಯ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಾಣಿಸಿತು. ನಳದ ನೀರು ವಾರಗಟ್ಟಲೆ ಬಾರದ ನಮ್ಮ ಓಣಿಗೆ ಆ ಬಾವಿಯೇ ಆಧಾರ. ಕೊಡ ಎತ್ತಿದರೆ ಗ್ಯಾರೇಜಿನ ವಾಸನೆ. ಎರಡು ದಿನದಲ್ಲಿ ಊರೆಲ್ಲ ಖಬರಾಯಿತು: ಮುಂಡರಗಿಯಲ್ಲಿ ಪೆಟ್ರೋಲ್ ಸಿಕ್ಕಿದೆ! ಮಂದಿ ಬಂದು ಮೊಬೈಲಿನಲ್ಲಿ ಫೋಟೋ ಹಿಡಿದರು. ಒಬ್ಬರು ತೆಂಗಿನಕಾಯಿಯನ್ನೂ ಒಡೆದು ಹೋದರು.

ನನಗೆ ರೋಷ ಬಂತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದೆ: “ನಮ್ಮದು ಗ್ರಾನೈಟ್ ನೆಲ. ಇಂಥ ಗಟ್ಟಿ ಕಲ್ಲಿನಲ್ಲಿ ಎಣ್ಣೆ ಇರಲೂ ಸಾಧ್ಯವಿಲ್ಲ, ಹಾಯಲೂ ಸಾಧ್ಯವಿಲ್ಲ. ಯಾರೋ ಕಿಡಿಗೇಡಿಗಳು ಮೇಲಿನಿಂದ ಸುರುವಿದ್ದಾರೆ.” ತುಂಬ ಜನ ಮೆಚ್ಚುಗೆಯ ಹೆಬ್ಬೆಟ್ಟು ಒತ್ತಿದರು. ಅವರಲ್ಲಿ ಓಣಿಯ ಹಿಂದಿನ ದಿಬ್ಬದ ಮೇಲೆ ಲಾರಿಗಳನ್ನು ನಿಲ್ಲಿಸಿಕೊಳ್ಳುವ ಮಾಲೀಕರೂ ಒಬ್ಬರು. ತಮ್ಮ ಲಾರಿಗಳಿಗೆಂದೇ ಅಂಗಳದಲ್ಲಿ ಡೀಸೆಲ್ ಟಾಕಿ ಹೂಳಿಸಿಕೊಂಡವರು. ನಾನು ಬರೆದದ್ದನ್ನು ಅವರು ಅಚ್ಚು ಹಾಕಿಸಿ ನಮ್ಮ ವಾರ್ಡಿನ ಸದಸ್ಯರಿಗೆ ಕೊಟ್ಟರು. ಟಾಕಿ ಅಲ್ಲಿ, ಬಾವಿ ಇಲ್ಲಿ, ನಡುವೆ ಗಟ್ಟಿ ಬಂಡೆ, ಓದಿದ ಹುಡುಗಿಯೇ ಹೇಳಿದ್ದಾಳೆ, ತಮ್ಮ ಮೇಲೆ ಅನುಮಾನವೇಕೆ ಎಂಬುದು ಅವರ ವಾದ. ಕಿಡಿಗೇಡಿಗಳು ಕೆಡಿಸಿದ ಬಾವಿ ಯಾರಿಗೆ ಬೇಕು? ಸೋಮವಾರ ಕಲ್ಲು-ಮಣ್ಣು ತುಂಬಿ ಮುಚ್ಚುವುದೆಂದು ಅವರಿಬ್ಬರ ನಡುವೆ ಮಾತಾಯಿತು.

ಭಾನುವಾರ ಬೆಳಿಗ್ಗೆ ಕಾಕಾ ಬಂದರು. ಚಹಾ ಬೇಡವೆಂದರು. ಅದೇ ಮೊದಲು.

“ನಿನ್ನ ಮಾತು ಬಾವಿ ಮುಚ್ಚಾಕ ಹೊಂಟೈತಿ. ಒಮ್ಮೆರೆ ಇಳಿದು ನೋಡು.”

ಇಳಿದೆ. ಅಷ್ಟು ವರ್ಷ ಆ ನೀರು ಕುಡಿದಿದ್ದೆ, ಮೂರನೆಯ ಮೆಟ್ಟಿಲು ದಾಟಿರಲಿಲ್ಲ. ಮೇಲೆ ಒಂದಾಳೆತ್ತರ ಮಣ್ಣು. ಅದರ ಕೆಳಗೆ ಕಾಕಾ ‘ಗರಸು’ ಎನ್ನುತ್ತಿದ್ದ ಪದರ: ನೋಡಲು ಕಲ್ಲೇ, ಮುಷ್ಟಿಯಲ್ಲಿ ಹಿಂಡಿದರೆ ಪುಡಿ.

“ಇದೂ ನಿನ್ನ ಗ್ರಾನೈಟ. ಬಿಸಲು ಮಳಿ ತಿಂದು ತಿಂದು ಕೊಳತೈತಿ,” ಎಂದರು. ಇನ್ನೂ ಕೆಳಗೆ ಕಲ್ಲು ಗಟ್ಟಿ, ಆದರೆ ಅಡ್ಡಡ್ಡ ಉದ್ದುದ್ದ ಸಂದಿಗಳು. ಆ ಸಂದಿಗಳಲ್ಲಿ ಅವರು ಮುಂಜಾನೆಯೇ ಹಳೆಯ ಧೋತರದ ಚೂರುಗಳನ್ನು ತುರುಕಿಟ್ಟಿದ್ದರು. ಒಂದೊಂದನ್ನೇ ಎಳೆದು ನನ್ನ ಮೂಗಿಗೆ ಹಿಡಿದರು. ನೀರು. ನೀರು. ಬರೀ ನೀರು. ದಿಬ್ಬದ ಕಡೆಯ ಒಂದೇ ಒಂದು ಸಂದಿಯ ಬಟ್ಟೆ, ಅದರ ನೆತ್ತಿಯ ಗರಸಿಗೆ ಒತ್ತಿದ ಬಟ್ಟೆ, ಇವೆರಡು ಮಾತ್ರ ಡೀಸೆಲಿನಿಂದ ಜಿಗುಟಾಗಿದ್ದವು.

ಚರ್ಚಾಪಟು ಅಷ್ಟು ಸುಲಭಕ್ಕೆ ಸೋಲೊಪ್ಪುವುದಿಲ್ಲ. “ಇದು ಕಲ್ಲಿನೊಳಗ ಅಲ್ಲ ಕಾಕಾ, ಸಂದ್ಯಾಗ ಬಂದದ್ದು. ಗ್ರಾನೈಟ್ ಗಟ್ಟಿ ಅನ್ನೂ ಮಾತು ಖರೇನ ಉಳೀತು.”

ಕಾಕಾ ನಕ್ಕರು. “ಮನ್ಯಾಗ ಮಂದಿ ಗ್ವಾಡಿಯೊಳಗ ಇರ್ತಾರೇನು? ಖೋಲ್ಯಾಗ ಇರ್ತಾರ. ಗ್ವಾಡಿ ಗಟ್ಟಿ ಐತೆಂತ ಮನಿ ಖಾಲಿ ಅಂತೀಯಲ್ಲ!”

ಅನಂತರ ಅವರು ನಗಲಿಲ್ಲ. ಸೀಳುಗುರಿನಿಂದ ಆ ಸಂದಿಯ ಅಂಚನ್ನು ಕೆರೆಯುತ್ತ ಹೇಳಿದರು: “ಆ ಟಾಕಿ ತಗ್ಗ ತೋಡಿದಾಂವ ನಾನ. ಇದ ಸಂದಿ ಅಲ್ಲಿ ಕಂಡಿತ್ತು. ‘ಇದು ಬಾವಿ ಕಡೆ ಹೊಂಟೈತ್ರಿ, ಮೊದಲ ಸಿಮೆಂಟ್ ಮೆತ್ತಿಸ್ರಿ’ ಅಂದೆ. ‘ಆತು’ ಅಂದ್ರು. ನಾನೂ ಸುಮ್ಮನ ಮನಿಗೆ ಬಂದೆ. ನಾ ತೋಡಿದ ತಗ್ಗಿನಿಂದ ನಾ ಕಾಯ್ದ ಬಾವಿ ಸಾಯಬಾರದು ಬೇಟಿ.”

ಆ ಮಧ್ಯಾಹ್ನ ನಾನು ಮೊದಲ ಸಲ ಎದುರಾಳಿಯನ್ನು ಸೋಲಿಸಲಿಕ್ಕಲ್ಲದೆ ತಿಳಿಯಲಿಕ್ಕೆಂದು ಓದಿದೆ. ವಿಯೆಟ್ನಾಂ ಕಡಲಡಿಯ ಗ್ರಾನೈಟಿನಿಂದ ಎಣ್ಣೆ ತೆಗೆಯುತ್ತಲೇ ಇದ್ದಾರೆ. ಎಣ್ಣೆ ಆ ಕಲ್ಲಿನಲ್ಲಿ ಹುಟ್ಟಿದ್ದಲ್ಲ, ಒಳಸೇರಿದ್ದು. ಬೆಂಕಿಯ ಕಲ್ಲು ತಣಿಯುವಾಗ ಬಿರಿಯುತ್ತದೆ, ನೆಲ ಜಗ್ಗಾಡಿದಾಗ ಮತ್ತೆ ಬಿರಿಯುತ್ತದೆ. ಗುಡ್ಡವಾಗಿ ಬಿಸಿಲು ಮಳೆಗೆ ನಿಂತ ಕಾಲದಲ್ಲಿ ನೀರು ಆ ಬಿರುಕುಗಳಿಗಿಳಿದು ಕಲ್ಲಿನ ಮೆತ್ತನೆಯ ಹರಳುಗಳನ್ನು ಜೇಡಿಯಾಗಿಸಿ ತೊಳೆದೊಯ್ಯುತ್ತದೆ, ಪೊಳ್ಳು ಉಳಿಯುತ್ತದೆ. ಆಮೇಲೆ ಆ ಗುಡ್ಡ ಕೆಸರಿನಡಿ ಹೂತುಹೋಗುತ್ತದೆ. ಮಗ್ಗುಲಿನ ಕೆಸರಿನಲ್ಲಿ ಬೆಂದು ಹುಟ್ಟಿದ ಎಣ್ಣೆ ಗುಡ್ಡದ ಬಿರುಕುಗಳಿಗೆ, ಕೊಳೆತ ನೆತ್ತಿಗೆ ನುಸುಳುತ್ತದೆ. ಮೇಲಿನ ಜೇಡಿ ಮುಚ್ಚಳವಾಗಿ ಅದನ್ನು ಹಿಡಿದಿಡುತ್ತದೆ. ನಮ್ಮ ನೆಲದಲ್ಲಿ ಎಣ್ಣೆ ಹುಟ್ಟಿಸುವ ಅಂಥ ಕೆಸರಿಲ್ಲ, ಆದ್ದರಿಂದ ಪೆಟ್ರೋಲಿಯಮ್ಮೂ ಇಲ್ಲ. ಆದರೆ ಕಾಕಾ ಹೇಳಿದ ಆ ಖೋಲಿಗಳು, ಎಣ್ಣೆ ಕೂರುವ ಕೋಣೆಗಳು, ಇದ್ದವು. ತುಂಬಿದ್ದು ದಿಬ್ಬದ ಮೇಲಿನ ಟಾಕಿ.

ಸೋಮವಾರ ಕಲ್ಲು ತುಂಬಿದ ಟ್ರ್ಯಾಕ್ಟರ್ ಬಾವಿಯ ಬಾಯಿಗೆ ಬಂದು ನಿಂತಿತು. ವಾರ್ಡಿನ ಸದಸ್ಯರೂ ಬಂದರು, ಲಾರಿ ಮಾಲೀಕರೂ ಬಂದರು. ಕಾಕಾ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಏಳ್ರಿ ಮುತ್ಯಾ,” ಎಂದರು ಮಾಲೀಕರು. “ಬಾವಿ ತೋಡೂ ಮಂದಿ ಸೈನ್ಸ್ ಹೇಳಾಕ ಹತ್ತಿದ್ರ ಕಾಲೇಜ್ ಯಾಕ ಬೇಕ್ರಿ?”

ನಾನು ನಡುವೆ ಬಂದೆ. ನಾನು ಬರೆದದ್ದು ತಪ್ಪು, ಎಣ್ಣೆ ನಿಮ್ಮ ಟಾಕಿಯದು, ಈ ಸಂದಿಯಲ್ಲಿ ಬಂದದ್ದು ಎಂದೆ. ಎರಡೂ ಬಟ್ಟೆಗಳನ್ನು ಕಟ್ಟೆಯ ಮೇಲೆ ಹಾಸಿದೆ.

“ಏನವಾ ಭಾಷಣಗಾರ್ತಿ, ಹೋದ ವಾರ ಒಂದು, ಈ ವಾರ ಒಂದು?” ಎಂದು ಮಾಲೀಕರು ಹಂಗಿಸಿದರು.

“ಹೌದ್ರಿ. ಹೋದ ವಾರ ನಾ ಬಾವ್ಯಾಗ ಇಳಿದಿರಲಿಲ್ಲ.”

ಯಾರೋ ಕಿಸಕ್ಕೆಂದರು. ಕಾಕಾ ನನ್ನತ್ತ ನೋಡಿ, “ನಿನ್ನ ಆ ಕಪ್ ತಗೊಂಬಾ,” ಎಂದರು. ತಂದುಕೊಟ್ಟೆ. ಕಾಕಾ ಇಳಿದು, ದಿಬ್ಬದ ಕಡೆಯ ಸಂದಿಯಿಂದ ಒಸರುವ ನೀರನ್ನೇ ಅದರಲ್ಲಿ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಮಾಲೀಕರ ಮುಂದೆ ಹಿಡಿದರು.

“ಗಟ್ಟಿ ಬಂಡಿಗಲ್ಲು, ನಿಮ್ಮ ಎಣ್ಣಿ ಹಾಯೂದಿಲ್ಲ ಅಂತೀರಲ್ರಿ ಧಣಿ. ಇದು ಸಂದ್ಯಾಗಿಂದ ಬಂದ ನೀರು. ಹಂಗಾದ್ರ ಕುಡೀರಿ. ನೀವು ಕುಡದ್ರ ನಾ ಸರೀತೀನಿ, ಬಾವಿ ಮುಚ್ರಿ.”

ಮಾಲೀಕರು ಕಪ್ಪನ್ನು ನೋಡಿದರು, ಸದಸ್ಯರನ್ನು ನೋಡಿದರು, ಗಡಿಯಾರ ನೋಡಿಕೊಂಡರು. ಕುಡಿಯಲಿಲ್ಲ. ಕಾಕಾ ಕೈ ಇಳಿಸಲೂ ಇಲ್ಲ. ಕೊನೆಗೆ ಸದಸ್ಯರೇ ಟ್ರ್ಯಾಕ್ಟರಿನವನಿಗೆ, “ಹಿಂದಕ್ಕ ತಗೋಳೋ. ಮೊದಲ ಆ ಟಾಕಿ ತೆಗಸೂಣು,” ಎಂದರು.

ಟಾಕಿ ಮೇಲೆ ಬಂದಾಗ ಅದರ ತಳದ ಬೆಸುಗೆ ತುಕ್ಕು ಹಿಡಿದು ಬಾಯಿಬಿಟ್ಟಿತ್ತು. ಮಾಲೀಕರು ತಪ್ಪಾಯಿತು ಎನ್ನಲಿಲ್ಲ, ಹಳೆಯ ಟಾಕಿ, ಹೇಗೂ ತೆಗೆಸುವುದಿತ್ತು ಎಂದರು. ಅನ್ನಲಿ.

ಆದರೆ ಟಾಕಿ ಹೋದರೂ ಎಣ್ಣೆ ನಿಲ್ಲಲಿಲ್ಲ. ಗರಸು ಕುಡಿದದ್ದನ್ನು ಹನಿಹನಿಯಾಗಿ ಬಿಡುತ್ತಲೇ ಇತ್ತು. ಪ್ರತಿ ಭಾನುವಾರ ಕಾಕಾ ಇಳಿದು ಸಂದಿಗೆ ಬಟ್ಟೆ ತುರುಕುತ್ತಿದ್ದರು, ಮೇಲೆ ತೇಲಿದ್ದನ್ನು ಕಪ್ಪಿನಲ್ಲಿ ಬಳಿದು ಡಬ್ಬಿಗೆ ಹಾಕುತ್ತಿದ್ದರು. ಕಪ್ ಟೀವಿಯ ಮೇಲಿನ ಹಲಗೆಗೆ ಮರಳಲೇ ಇಲ್ಲ, ಬಾವಿಕಟ್ಟೆಯ ಗೂಟಕ್ಕೆ ನೇತುಬಿತ್ತು. “ಈಗ ಕೆಲಸಕ್ಕ ಬಂತು ನೋಡು,” ಎನ್ನುತ್ತಿದ್ದರು. ಮಂಡಿ ನೋವು ಹೆಚ್ಚಿದ ಮೇಲೆ ಅವರು ಕಟ್ಟೆಯಲ್ಲಿ ಕೂತರು, ನಾನು ಇಳಿದೆ. ಮೇಲಿನಿಂದ ಬೈಗುಳ: “ಹಂಗ ಮೆತ್ತಗ ಒತ್ತಿದ್ರ ಏನ ಬರ್ತೈತಿ? ಅದು ಕಲ್ಲು, ನಿನ್ನ ಗಲ್ಲ ಅಲ್ಲ!”

ಹೋದ ಚಳಿಗಾಲದ ಒಂದು ಭಾನುವಾರ ಅವರು ತೀರಿಕೊಂಡರು. ಮಧ್ಯಾಹ್ನ ಗಂಡಸರು ಅವರನ್ನು ಹೊತ್ತುಕೊಂಡು ಖಬರಸ್ತಾನಕ್ಕೆ ಹೋದರು. ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿಲ್ಲ. ನಾನು ಕಪ್ ತೆಗೆದುಕೊಂಡು ಬಾವಿಗಿಳಿದೆ. ದಿಬ್ಬದ ಕಡೆಯ ಸಂದಿಯಿಂದ ಎಳೆದ ಬಟ್ಟೆಯಲ್ಲಿ ಎಣ್ಣೆ ಕಡಿಮೆಯಾಗಿತ್ತು, ಮುಗಿದಿರಲಿಲ್ಲ.

ತಿಂಗಳಾಗುವುದರೊಳಗೆ ಮಾಲೀಕರ ಕಡೆಯವರೊಬ್ಬರು ಮತ್ತೆ ಮುಚ್ಚಿಸುವ ಲೆಕ್ಕಕ್ಕೆ ಟೇಪು ಹಿಡಿದು ಬಾವಿಯ ಬಾಯಿ ಅಳೆಯತೊಡಗಿದರು.

“ಮುತ್ಯಾನೂ ಹೋದ. ಇನ್ನ ಈ ನೀರು ತಿಳಿ ಆಗೂದಿಲ್ಲ ಬಿಡ್ರಿ ಅಕ್ಕಾರ,” ಎಂದರು.

ಗೂಟದಿಂದ ಕಪ್ ಬಿಚ್ಚಿ ಅವರ ಕೈಗೆ ಕೊಟ್ಟು, ಮೆಟ್ಟಿಲು ತೋರಿಸಿದೆ.

“ಕೇಳಿ ಹೇಳಬ್ಯಾಡ್ರಿ. ಇಳೀರಿ, ನೋಡಿ ಬಂದು ಹೇಳ್ರಿ.”